ದಾರಿ ತೋರಿದವನ ಪಾಲು

ಅಮೀನಗಡವೆಂದೊಡನೆ ಯಾರಿಗಾದರೂ ನೆನಪಾಗುವುದು ಕರದಂಟು. ಬಾಗಲಕೋಟೆಯ ಕಡೆಯಿಂದ ಬಂದವರು ಇಲ್ಲಿ ಇಳಿದು ಒಂದೆರಡು ಪೊಟ್ಟಣ ಕಟ್ಟಿಸಿಕೊಳ್ಳದೆ ಮುಂದೆ ಹೋಗುವುದು ವಿರಳ. ಅದೇ ದಾರಿಯಲ್ಲಿ ಹುನಗುಂದವನ್ನು ದಾಟಿ, ಮುದಗಲ್ಲು, ಲಿಂಗಸುಗೂರುಗಳ ಮೂಲಕ ಮೂಡಲಿಗೆ ಹೋದರೆ ಹಟ್ಟಿಯ ಚಿನ್ನದ ಗಣಿ ಸಿಗುತ್ತದೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಅಲ್ಲಿ ಜನರು ಬಂಡೆಯನ್ನೊಡೆದು ಚಿನ್ನ ತೆಗೆದಿದ್ದರು. ಅವರಲ್ಲಿ ಒಬ್ಬನ ಹೆಸರೂ ಉಳಿದಿಲ್ಲ. ಆದರೆ ಕನ್ನಡ ನಾಡಿನ ಇನ್ನೊಂದು ಅಂಚಿನ ಕೋಲಾರದಲ್ಲಿ, ಹೊಸಗಾಲದ ಗಣಿಗೆ ಮೊದಲ ಗುದ್ದಲಿ ಹಾಕಿಸಿದವನ ಹೆಸರು ಉಳಿದಿದೆ. ಆತ ಕಡಲಾಚೆಯ ಐರ್ಲೆಂಡಿನವನು, ವೃತ್ತಿಯಿಂದ ಸಿಪಾಯಿ, ಹೆಸರು ಮೈಕೇಲ್ ಫಿಟ್ಜ್‌ಜೆರಾಲ್ಡ್ ಲ್ಯಾವೆಲ್.

ಹತ್ತೊಂಬತ್ತನೆಯ ಶತಮಾನದ ಐರ್ಲೆಂಡು ಬಡತನದ ಬೇಗೆಯಲ್ಲಿ ಬೆಂದ ದೇಶ. 1845ರಿಂದ ಕೆಲವು ವರ್ಷ ಆಲೂಗಡ್ಡೆಯ ಬೆಳೆ ಕೊಳೆತು ಹೋಗಿ ಲಕ್ಷಗಟ್ಟಲೆ ಜನ ಸತ್ತರು. ಲಕ್ಷಗಟ್ಟಲೆ ಜನ ಹಡಗು ಹತ್ತಿದರು. ಆ ಕಾಲದ ಎಷ್ಟೋ ಐರಿಷ್ ತರುಣರಿಗೆ, ತಮ್ಮನ್ನು ಆಳುತ್ತಿದ್ದ ಬ್ರಿಟಿಷರ ಸೈನ್ಯವೇ ಅನ್ನದ ದಾರಿಯಾಯಿತು. ಲ್ಯಾವೆಲ್ ಆ ಸೈನ್ಯದಲ್ಲಿದ್ದು ನ್ಯೂಜಿಲೆಂಡಿನಲ್ಲಿ ಮಾವೋರಿ ಜನರೊಡನೆ ನಡೆದ ಯುದ್ಧದಲ್ಲಿ ಹೋರಾಡಿದನು. ತಮ್ಮ ನೆಲವನ್ನು ಉಳಿಸಿಕೊಳ್ಳಲು ಮಾವೋರಿಗಳು ಕಾದಿದ ಯುದ್ಧವದು. ಅದೇ ದಶಕದಲ್ಲಿ, 1861ರಲ್ಲಿ, ಆ ದೇಶದ ಒಟಾಗೊ ಪ್ರಾಂತದಲ್ಲಿ ಚಿನ್ನ ಸಿಕ್ಕಿ ಜನರು ಮುಗಿಬಿದ್ದು ಬಂದಿದ್ದರು. ಯುದ್ಧಭೂಮಿಯಿಂದ ಮರಳಿದ ಲ್ಯಾವೆಲ್ ಬೆಂಗಳೂರಿನ ದಂಡಿನಲ್ಲಿ ನೆಲೆಸಿದನು. ಚಿನ್ನದ ಗುಂಗು ಮಾತ್ರ ಅವನೊಡನೆಯೇ ಬಂದಿತ್ತು.

ಆ ಗುಂಗಿಗೆ ಒಂದು ಹಳೆಯ ಲೇಖನ ಗಾಳಿ ಹಾಕಿತು. ಅದನ್ನು ಬರೆದವನೂ ಐರಿಷ್ ಮೂಲದ ಮನೆತನದ ಸಿಪಾಯಿಯೇ, ಲೆಫ್ಟಿನೆಂಟ್ ಜಾನ್ ವಾರೆನ್. ಟಿಪ್ಪುವಿನ ಪತನದ ಅನಂತರ, 1802ರಲ್ಲಿ, ಮೈಸೂರು ಸೀಮೆಯ ಪೂರ್ವದ ಗಡಿಯನ್ನು ಅಳೆಯುತ್ತಿದ್ದಾಗ ಅವನ ಕಿವಿಗೆ ಚಿನ್ನದ ಸುದ್ದಿ ಬಿದ್ದಿತು. ತೋರಿಸಿಕೊಟ್ಟವರಿಗೆ ಇನಾಮು ಕೊಡುವುದಾಗಿ ಸಾರಿಸಿದನು. ಊರಿಗಾಂನ ಹಳ್ಳಿಗರು ಗಾಡಿಗಳಲ್ಲಿ ಮಣ್ಣು ಹೇರಿಕೊಂಡು ಬಂದರು; ಅವನ ಕಣ್ಣೆದುರಿಗೇ ತೊಳೆದು ಚಿನ್ನದ ಹುಡಿಯನ್ನು ತೋರಿಸಿದರು. ಸುಮಾರು 56 ಕಿಲೋ ಮಣ್ಣಿಗೆ ಸಿಕ್ಕಿದ್ದು ಗುಲಗಂಜಿಯ ಅರ್ಧ ತೂಕದಷ್ಟು. ಹಳ್ಳಿಗರ ಕೈಗೇ ಇಷ್ಟು ಸಿಕ್ಕುವುದಾದರೆ ನುರಿತವರ ಕೈಗೆ ಇನ್ನೆಷ್ಟು ಸಿಕ್ಕೀತೆಂಬುದು ವಾರೆನ್ನನ ಲೆಕ್ಕ. ಆದರೂ ಅರುವತ್ತು ವರ್ಷಗಳ ಕಾಲ ಯಾವ ಪ್ರಯತ್ನವೂ ಫಲಿಸಲಿಲ್ಲ. ನೆಲದೊಳಗೆ ಹೊಕ್ಕು ಅಗೆಯುವುದನ್ನು 1859ರಲ್ಲಿ ಸರ್ಕಾರವೇ ಅಪಘಾತಗಳ ಕಾರಣ ನಿಷೇಧಿಸಿತು.

1871ರಲ್ಲಿ ಲ್ಯಾವೆಲ್ ಎತ್ತಿನ ಗಾಡಿ ಕಟ್ಟಿಸಿಕೊಂಡು, ಸುಮಾರು ಅರುವತ್ತು ಮೈಲಿ ದೂರದ ಕೋಲಾರದ ಸೀಮೆಗೆ ಹೊರಟನು. ಕಲ್ಲು ಮಣ್ಣುಗಳನ್ನು ಹೆಕ್ಕಿ ನೋಡುತ್ತ, ಗಣಿಗೆ ತಕ್ಕ ಎಡೆಗಳನ್ನು ಗುರುತಿಸಿದನು. 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದಾಗ ಅಧಿಕಾರಿಗಳಿಗೆ ಚಿನ್ನದಲ್ಲಿ ನಂಬಿಕೆ ಬರಲಿಲ್ಲ. ಬೇಕಾದರೆ ಕಲ್ಲಿದ್ದಲು ಹುಡುಕಲೆಂದರು. ಲ್ಯಾವೆಲ್ ಪಟ್ಟು ಬಿಡಲಿಲ್ಲ. ಕೊನೆಗೆ 1875ರ ಫೆಬ್ರವರಿ 2ರಂದು ಇಪ್ಪತ್ತು ವರ್ಷಗಳ ಗುತ್ತಿಗೆ ಅವನ ಕೈಸೇರಿತು. ಅದೇ ವರ್ಷ ಊರಿಗಾಂನಲ್ಲಿ ಬಾವಿ ತೋಡುವ ಕೆಲಸ ಮೊದಲಾಯಿತು.

ಆದರೆ ಬಂಡೆಯನ್ನು ಒಡೆಯುವುದಕ್ಕೆ ಛಲವೊಂದೇ ಸಾಲದು, ಹಣ ಬೇಕು. ಸಿಪಾಯಿಯ ಕೈಚೀಲ ಬಹು ಬೇಗ ಬರಿದಾಯಿತು. ಎರಡೇ ವರ್ಷಗಳಲ್ಲಿ, 1877ರ ಹೊತ್ತಿಗೆ, ತನ್ನ ಹಕ್ಕನ್ನು ಅವನು ಮೇಜರ್ ಜನರಲ್ ಬೆರೆಸ್‌ಫರ್ಡ್ ಮತ್ತು ಅವನ ಸಂಗಡಿಗರ ಕೂಟಕ್ಕೆ ಬಿಟ್ಟುಕೊಡಬೇಕಾಯಿತು. 1880ರಲ್ಲಿ ಜಾನ್ ಟೇಲರ್ ಮತ್ತು ಮಕ್ಕಳ ಸಂಸ್ಥೆ ಬಂದಿತು. ಅದರ ತಜ್ಞರು ಹಳೆಯ ಅಗೆತಗಳ ಜಾಡು ಹಿಡಿದು ಕೆಳಗಿಳಿದಾಗ ದೊಡ್ಡ ಸಿರೆ ಸಿಕ್ಕಿತು. 1902ರಲ್ಲಿ ಶಿವನಸಮುದ್ರದಿಂದ 147 ಕಿಲೋಮೀಟರ್ ತಂತಿಯೆಳೆದು ಗಣಿಗೆ ವಿದ್ಯುತ್ತು ತಂದರು. ಸುಮಾರು 120 ವರ್ಷಗಳಲ್ಲಿ ಹೊರಬಂದ ಚಿನ್ನ 800 ಟನ್ನುಗಳಷ್ಟು.

ಆ ಚಿನ್ನವನ್ನು ಮೇಲಕ್ಕೆ ತಂದವರು ಉತ್ತರ ಆರ್ಕಾಟು, ಸೇಲಂ, ಚಿತ್ತೂರುಗಳಿಂದ ಹೊಟ್ಟೆಪಾಡಿಗಾಗಿ ಬಂದ ಬಡ ಜನ. ಅವರೂ ಲ್ಯಾವೆಲ್ಲನಂತೆ ಊರು ಬಿಟ್ಟು ಬಂದವರೇ. ಚಾಂಪಿಯನ್ ರೀಫಿನಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕಿಳಿದು, ಕೈಯಿಟ್ಟರೆ ಸುಡುವ ಬಂಡೆಗಳ ನಡುವೆ ದುಡಿದರು. ಬಂಡೆ ಸಿಡಿದು ಸತ್ತವರುಂಟು; ಕಲ್ಲಿನ ಧೂಳು ಎದೆಯಲ್ಲಿ ತುಂಬಿ, ಉಸಿರಿಗಾಗಿ ಒದ್ದಾಡುತ್ತ ಮನೆಯಲ್ಲಿ ಸತ್ತವರೂ ಉಂಟು. 2001ರ ಫೆಬ್ರವರಿ 28ರಂದು ಕೋಲಾರದ ಗಣಿಗಳು ಮುಚ್ಚಿದವು. ಹಟ್ಟಿಯ ಗಣಿ ಇಂದಿಗೂ ನಡೆಯುತ್ತಿದೆ.

ಲ್ಯಾವೆಲ್ಲನ ಪಾಲಿಗೆ ಬಂದದ್ದೇನು? ಬೆಂಗಳೂರಿನಲ್ಲಿ ಅವನ ಹೆಸರಿನದೊಂದು ರಸ್ತೆಯಿದೆ. ಅಲ್ಲಿ ಓಡಾಡುವವರಲ್ಲಿ ಎತ್ತಿನ ಗಾಡಿಯ ಆ ಸಿಪಾಯಿಯನ್ನು ನೆನೆಯುವವರು ಅಪರೂಪ. ಆದರೂ ಅವನು ಭಾಗ್ಯವಂತನೇ ಸರಿ. ವಾರೆನ್ನನ ಮುಂದೆ ಮಣ್ಣು ತೊಳೆದು ತೋರಿಸಿದ ಹಳ್ಳಿಗನಿಗೆ ಒಂದು ಓಣಿಯ ಹೆಸರೂ ದೊರೆಯಲಿಲ್ಲ. ಮದುವೆಯ ಮನೆಯಲ್ಲಿ ಅಜ್ಜಿಯ ಕಾಲದ ಸರವನ್ನು ಮೊಮ್ಮಗಳ ಕೊರಳಿಗೆ ಹಾಕುವಾಗ, ಅದು ಎಷ್ಟು ತೊಲೆಯೆಂದು ಎಲ್ಲರೂ ಕೇಳುತ್ತಾರೆ. ಯಾರು ಅಗೆದದ್ದೆಂದು ಒಮ್ಮೆಯಾದರೂ ಕೇಳಿಕೊಂಡರೆ, ಆ ಋಣದಲ್ಲಿ ಗುಲಗಂಜಿಯಷ್ಟಾದರೂ ತೀರೀತು.