ಕಪ್ಪುಕುಳಿಯ ದನಿ: ಕೆಲವು ಟಿಪ್ಪಣಿಗಳು

1
ಭೌತವಿಜ್ಞಾನಿ ಸಿ. ವಿ. ವಿಶ್ವೇಶ್ವರ. ಹುಟ್ಟಿದ್ದು ಬೆಂಗಳೂರಿನಲ್ಲಿ, 1938ರ ಮಾರ್ಚ್ 6. ತಂದೆ ಸಿ. ಕೆ. ವೆಂಕಟರಾಮಯ್ಯ, 1947ರ ಹರಪನಹಳ್ಳಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ತಂದೆ ನಾಲ್ವಡಿ ಕೃಷ್ಣರಾಜ ಒಡೆಯರ ಜೀವನಚರಿತ್ರೆ ಬರೆದರು. ಮಗ ಕಪ್ಪುಕುಳಿಯ ಗಣಿತ ಬರೆದರು.

2
ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯ. ಗುರು ಚಾರ್ಲ್ಸ್ ಮಿಸ್ನರ್. 1968ರ ಪ್ರಬಂಧದ ಶೀರ್ಷಿಕೆಯಲ್ಲಿ ಕುಳಿಯ ಅಂಚಿಗೆ ‘ಶ್ವಾರ್ಜ್‌ಷಿಲ್ಡ್ ಮೇಲ್ಮೈ’ ಎಂದಿದೆ. 1970ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಪ್ರಬಂಧದ ಶೀರ್ಷಿಕೆಯಲ್ಲಿ ‘ಬ್ಲ್ಯಾಕ್ ಹೋಲ್’ ಇದೆ. ಬ್ಲ್ಯಾಕ್ ಹೋಲ್, ಅಂದರೆ ಕಪ್ಪುಕುಳಿ, ಎಂಬ ಹೆಸರು ಈ ನಡುವೆ ಬೇರೂರಿತ್ತು.

3
ಅಂಥದೊಂದು ವಸ್ತು ಇದೆಯೆಂದು ಆಗ ಖಾತ್ರಿಯಿರಲಿಲ್ಲ. ಇದ್ದರೆ, ಅಲುಗಾಡಿಸಿದರೆ ಉಳಿದೀತೇ? ಉಳಿಯುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದರು. ಅದೂ 1970ರಲ್ಲೇ.

4
‘ನೇಚರ್’ ಪ್ರಬಂಧ ಮೂರೇ ಪುಟ. ಕಾಗದದ ಮೇಲಿನ ಕಪ್ಪುಕುಳಿಗೆ ಗುರುತ್ವದ ಅಲೆಯ ತುಣುಕೊಂದನ್ನು ಎಸೆದು, ಚದುರಿ ಹಿಂದಿರುಗಿದ್ದನ್ನು ನೋಡಿದರು. ಅಗಲವಾದ ಅಲೆ ಕುಳಿಯನ್ನು ದಾಟಿ ಹೋಯಿತು, ಏನೂ ಕಾಣಲಿಲ್ಲ. ಅಲೆಯನ್ನು ಕುಳಿಯ ಗಾತ್ರಕ್ಕೆ ಕಿರಿದು ಮಾಡಿದಾಗ ಏರಿಳಿತ ಮೂಡಿತು. ಇನ್ನೂ ಕಿರಿದು ಮಾಡಿದರೂ ಅದೇ ಏರಿಳಿತ.

ಈ ಕೊನೆಯ ಮಾತನ್ನು ಎಷ್ಟು ಸಲ ಓದಿದರೂ ಅಚ್ಚರಿ ಕರಗುವುದಿಲ್ಲ.

5
ಹೊಳೆನರಸೀಪುರದ ಲಕ್ಷ್ಮೀನರಸಿಂಹ ದೇವಸ್ಥಾನದ ಗಂಟೆಯನ್ನು ಯಾರೇ ಬಾರಿಸಲಿ, ಸ್ವರ ಗಂಟೆಯದು. ಆ ಏರಿಳಿತವೇ ಕಪ್ಪುಕುಳಿಯ ಸ್ವರ. ಅದನ್ನು ತೀರ್ಮಾನಿಸುವುದು ಎರಡೇ: ಕುಳಿಯ ತೂಕ, ಅದು ತನ್ನ ಸುತ್ತ ತಿರುಗುವ ವೇಗ. ತೂಕ ಹೆಚ್ಚಿದಷ್ಟೂ ಸ್ವರ ತಗ್ಗು.

6
ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರವಿದೆ. ಅಲ್ಲಿನ ಆಂಟೆನಾಗಳು ರೇಡಿಯೋ ಅಲೆ ಹಿಡಿಯುತ್ತವೆ. ಕಪ್ಪುಕುಳಿಯ ಸ್ವರವನ್ನು ಹೊತ್ತು ತರುವ ಗುರುತ್ವದ ಅಲೆ ಅವಕ್ಕೆ ಸಿಗುವುದಿಲ್ಲ. ಅದಕ್ಕೆ ಅಮೆರಿಕದ ಲೈಗೋ ವೀಕ್ಷಣಾಲಯದಲ್ಲಿ ನಾಲ್ಕು ನಾಲ್ಕು ಕಿಲೋಮೀಟರ್ ಉದ್ದದ ಕೊಳವೆಗಳು ಬೇಕಾದವು.

7
2015ರ ಸೆಪ್ಟೆಂಬರ್ 14. ಸೂರ್ಯನ ಸುಮಾರು 36 ಪಟ್ಟು ಮತ್ತು 29 ಪಟ್ಟು ತೂಕದ ಎರಡು ಕುಳಿಗಳು ಒಂದಾದ ಅಲೆ ಲೈಗೋಗೆ ತಾಕಿತು. ಕೂಡಿದ ಕುಳಿ 62 ಪಟ್ಟು. ಉಳಿದ ಮೂರು ಸೂರ್ಯರಷ್ಟು ತೂಕ ಅಲೆಯಾಗಿ ಹೋಯಿತು. ಕೊನೆಯಲ್ಲಿ ಸೆಕೆಂಡಿಗೆ ಸುಮಾರು 250 ಕಂಪನದ ಒಂದು ಮಿಡಿತ, ವಿಶ್ವೇಶ್ವರ ಲೆಕ್ಕದಲ್ಲಿ ಕಂಡಿದ್ದ ಅದೇ ಬಗೆಯ ಏರಿಳಿತ. ನಾಲ್ಕು ಮಿಲಿಸೆಕೆಂಡಿನಲ್ಲಿ ಸುಮಾರು ಮೂರರಲ್ಲೊಂದು ಪಾಲಿಗೆ ಕುಗ್ಗುವಂಥದ್ದು.

8
ಲೆಕ್ಕ 1970. ದನಿ 2015. ಲೋಕಕ್ಕೆ ತಿಳಿದದ್ದು 2016ರ ಫೆಬ್ರವರಿ 11. ವಿಶ್ವೇಶ್ವರ ತೀರಿಕೊಂಡದ್ದು 2017ರ ಜನವರಿ 16. ನಡುವೆ ಹನ್ನೊಂದು ತಿಂಗಳು ಸಿಕ್ಕಿತು.

9
ಅವರು ವ್ಯಂಗ್ಯಚಿತ್ರ ಬರೆಯುತ್ತಿದ್ದರು. ಗುರುತ್ವ ವಿಜ್ಞಾನಿಗಳ ಸಮ್ಮೇಳನಗಳಿಗೂ. 2006ರ ಪುಸ್ತಕದ ಹೆಸರಿನಲ್ಲಿ ಐನ್‌ಸ್ಟೈನ್, ಕಪ್ಪುಕುಳಿ, ಬಬಲ್ ಬಾತ್ ಮೂರೂ ಇವೆ. ಒಳಗಿರುವುದು ಕಥೆಯಾಗಿ ಹೇಳಿದ ಸಾಪೇಕ್ಷತಾ ಸಿದ್ಧಾಂತ.

10
ಅಮೆರಿಕದಿಂದ ಮರಳಿ ರಾಮನ್ ಸಂಶೋಧನಾ ಸಂಸ್ಥೆ. 1989ರಲ್ಲಿ ತೆರೆದ ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯಕ್ಕೆ ಸ್ಥಾಪಕ ನಿರ್ದೇಶಕರು. ಕುಳಿಯ ಲೆಕ್ಕದವರು ತಾರಾಲಯದ ಪ್ರದರ್ಶನಗಳಿಗೆ ಆಕಾಶದ ಕಥೆ ಬರೆದರು.

11
ಅರಕಲಗೂಡು, ಚನ್ನರಾಯಪಟ್ಟಣದ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಮಕ್ಕಳನ್ನು ಬೆಂಗಳೂರು ಪ್ರವಾಸಕ್ಕೆ ಕರೆದೊಯ್ದಾಗ ಚೌಡಯ್ಯ ರಸ್ತೆಯ ಈ ತಾರಾಲಯವನ್ನು ಬಿಡಬೇಡಿ. ಅಲ್ಲಿ ಕನ್ನಡದಲ್ಲೂ ಪ್ರದರ್ಶನವಿದೆ.