ಒಂದೇ ತುಳಿತ

ಆವತ್ತು ಕವಿತೆ ಕೆಟ್ಟದ್ದು ನಮ್ಮ ಕಾಲಿನಿಂದ. ಕೈಯಿಂದಲ್ಲ, ಬಾಯಿಂದಲ್ಲ, ಕಾಲಿನಿಂದ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇವೆ.

ಒಂದು ತಾಲ್ಲೂಕು ಊರಿನ ಬಯಲಲ್ಲಿ ಏಪ್ರಿಲ್ ತಿಂಗಳ ಕಾರ್ಯಕ್ರಮ. ನಾವು ಮೂವರು. ಒಬ್ಬ ತಮಟೆ, ಒಬ್ಬ ಬೇಸ್ ಗಿಟಾರು, ಇನ್ನೊಬ್ಬ ಎಲೆಕ್ಟ್ರಿಕ್ ಗಿಟಾರು ನುಡಿಸುತ್ತ ಕವಿತೆ ಹೇಳುವವನು, ಅಂದರೆ ಇದನ್ನು ಬರೆಯುತ್ತಿರುವ ಕೈ. ಕವಿತೆ ಅವ್ವನದು. ಇಟ್ಟಿಗೆ ಗೂಡಿನಿಂದ ಬಂದ ಅವ್ವ ಬಚ್ಚಲ ಕಲ್ಲಿನ ಮೇಲೆ ಕೂತು ಕೈ ತೊಳೆಯುತ್ತಾಳೆ. ಅಲ್ಲಿ ಗಿಟಾರು ಒಂದೊಂದೇ ತಂತಿ ಮೀಟಬೇಕು, ಬಾವಿ ನೀರಿನ ಹಾಗೆ ತಿಳಿಯಾಗಿರಬೇಕು. ಆಮೇಲೆ ಪಲ್ಲವಿ. ಅಲ್ಲಿ ಕೂಲಿಯ ಲೆಕ್ಕ ಕೇಳುತ್ತೇವೆ. ಅಲ್ಲಿ ಅದೇ ಗಿಟಾರು ಹರಿದು ಬೊಬ್ಬೆ ಹೊಡೆಯಬೇಕು. ಗಿಟಾರಿನವರು ಈ ಎರಡಕ್ಕೆ ಕ್ಲೀನು, ಡಿಸ್ಟಾರ್ಷನ್ನು ಅನ್ನುತ್ತಾರೆ. ನಾವು ನಮ್ಮೊಳಗೆ ತಿಳಿ, ಕದಡು ಅಂತೇವೆ.

ತಿಳಿಯಿಂದ ಕದಡಿಗೆ ಹೋಗುವುದಕ್ಕೆ ನೆಲದ ಮೇಲೆ ಮೂರು ಪೆಡಲುಗಳು ಇದ್ದವು. ಮೂರೂ ಸೆಕೆಂಡ್ ಹ್ಯಾಂಡು. ತಿಳಿ ದನಿಗೆ ಸ್ವಲ್ಪ ಅಲೆ ಕೊಡುವ ಕೋರಸ್, ಕದಡುವ ಡಿಸ್ಟಾರ್ಷನ್, ಮಾರ್ದನಿ ಕೊಡುವ ಡಿಲೇ. ಪಲ್ಲವಿ ಬಂದಾಗ ಕೋರಸ್ ಆರಿಸಬೇಕು, ಡಿಸ್ಟಾರ್ಷನ್ ಹಚ್ಚಬೇಕು, ಡಿಲೇ ಹಚ್ಚಬೇಕು. ಚರಣಕ್ಕೆ ಮರಳುವಾಗ ಮೂರನ್ನೂ ತಿರುವುಮುರುವು ಮಾಡಬೇಕು. ಒಂದು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಮೂರು ಸಲ ತುಳಿಯಬೇಕು. ಒಂದೊಂದು ಪೆಡಲು ಏಳು ಸೆಂಟಿಮೀಟರ್ ಅಗಲ, ನಮ್ಮ ಹವಾಯಿ ಚಪ್ಪಲಿ ಅದಕ್ಕಿಂತ ಅಗಲ. ಚಪ್ಪಲಿ ಬಿಟ್ಟು ನಿಲ್ಲೋಣವೆಂದರೆ ಅದಕ್ಕೂ ಭಯ. ಗಿಟಾರಿನ ತಂತಿ ಆಂಪ್ಲಿಫೈಯರಿನ ಅರ್ತಿಗೆ ಸೇರಿಕೊಂಡಿರುತ್ತದೆ. ಬಯಲು ಕಾರ್ಯಕ್ರಮಗಳಲ್ಲಿ ಅರ್ತಿಂಗ್ ಎಂಬುದು ಆಯಾ ದಿನದ ಪುಣ್ಯ. ತಂತಿ ಹಿಡಿದು ಮೈಕಿಗೆ ತುಟಿ ಮುಟ್ಟಿಸಿ ಜುಮ್ಮೆಂದ ಅನುಭವ ನಮಗಿದೆ.

ಮೊದಲ ಪಲ್ಲವಿ ಹೇಗೋ ದಾಟಿತು. ಎರಡನೆಯದರಿಂದ ಮರಳುವಾಗ ಕೋರಸ್ ಹತ್ತಿತು, ಡಿಲೇ ಆರಿತು, ಡಿಸ್ಟಾರ್ಷನ್ ಆರಲಿಲ್ಲ. ಅವ್ವನ ಅಂಗೈ ಬಿರುಕಿನಲ್ಲಿ ಕೂತ ಕೆಂಪು ಮಣ್ಣಿನ ಮಾತು, ಇಡೀ ಕವಿತೆಯಲ್ಲಿ ಅತಿ ಮೆಲ್ಲಗೆ ಹೇಳಬೇಕಾದ ಮಾತು, ಲಾರಿ ಹತ್ತಿಸಿಕೊಂಡ ಹಾಗೆ ಅರಚಿತು. ಮುಂದೆ ಕೂತ ಹುಡುಗರು ನಕ್ಕರು. ಒಬ್ಬ ಮುದುಕಮ್ಮ ಸೆರಗಿನಿಂದ ಕಿವಿ ಮುಚ್ಚಿಕೊಂಡಳು. ಮುಗಿದ ಮೇಲೆ ಆಕೆಯೇ ಬಂದು ನಮ್ಮ ತೋಳು ಹಿಡಿದು, “ಅವ್ವನ್ ಇಚಾರ ಚೆಂದಾಗೇಳ್ತಿದ್ದೆ ಕನಪ್ಪ, ಅದ್ಯಾವ್ದೋ ಮಿಸಿನ್ ಬಂದು ನುಂಗ್ಬುಡ್ತು” ಅಂದಳು.

ವಿಮರ್ಶಕರು ಬರೆದದ್ದನ್ನು ನಾವು ಮರೆತಿದ್ದೇವೆ. ಇದನ್ನು ಮರೆಯಲಾಗಿಲ್ಲ. ಯಾಕೆಂದರೆ ತಪ್ಪು ಬರೀ ಸದ್ದಿನದಲ್ಲ. ಕವಿತೆ ಹೇಳುವವನು ಕೂತ ಜನರ ಮುಖ ನೋಡಬೇಕು. ನಾವು ಇಪ್ಪತ್ತು ನಿಮಿಷವೂ ನಮ್ಮ ಹೆಬ್ಬೆರಳು ನೋಡುತ್ತ ನಿಂತಿದ್ದೆವು.

ಕದಡಿದ ದನಿಯನ್ನೇ ಬಿಟ್ಟುಬಿಡಿ ಎಂದ ಗೆಳೆಯರಿದ್ದಾರೆ. ಬಿಡುವುದಿಲ್ಲ. ಅದರ ಚರಿತ್ರೆ ನಮಗೆ ಹಿಡಿಸಿದೆ. ಆ ದನಿ ಅಂಗಡಿಯಲ್ಲಿ ಹುಟ್ಟಿದ್ದಲ್ಲ, ಒಡೆದುಹೋದ ಸಾಮಾನಿನಲ್ಲಿ ಹುಟ್ಟಿದ್ದು. ಅಮೆರಿಕದ ಲಿಂಕ್ ರೇ ಎಂಬಾತ ತನ್ನ ಸ್ಪೀಕರಿಗೆ ಪೆನ್ಸಿಲಿನಿಂದ ತೂತು ಹೊಡೆದು ‘ರಂಬಲ್’ ಎಂಬ ಮಟ್ಟು ನುಡಿಸಿದ. 1958ರಲ್ಲಿ ಅದು ಹೊರಬಂದಾಗ ಕೆಲವು ರೇಡಿಯೋ ಕೇಂದ್ರಗಳು ನಿಷೇಧ ಹಾಕಿದವು. ಅದರಲ್ಲಿ ಒಂದು ಪದವೂ ಇಲ್ಲ! ಪದವಿಲ್ಲದ ಹಾಡಿಗೆ ಹೆದರಿದವರನ್ನು ನೆನೆದಾಗಲೆಲ್ಲ ನಮಗೆ ಧೈರ್ಯ ಬರುತ್ತದೆ. 1964ರಲ್ಲಿ ಇಂಗ್ಲೆಂಡಿನ ‘ಕಿಂಕ್ಸ್’ ತಂಡದ ಡೇವ್ ಡೇವಿಸ್ ಸ್ಪೀಕರಿನ ಕಾಗದವನ್ನು ಬ್ಲೇಡಿನಿಂದ ಸೀಳಿದ. ಇವರಿಗೆ ಸ್ವಿಚ್ಚಿನ ತಾಪತ್ರಯವಿರಲಿಲ್ಲ ನೋಡಿ, ಹರಿದ ಸ್ಪೀಕರು ಹಾಡಿನ ಮಧ್ಯೆ ಕೂಡಿಕೊಳ್ಳುವುದಿಲ್ಲ. ಬೇಕಾದಾಗ ಕದಡು, ಬೇಡವಾದಾಗ ತಿಳಿ ಎಂಬ ಆಸೆಗೆ ಕಾಲ ಕೆಳಗಿನ ಗುಂಡಿ ಬೇಕಾಯಿತು. ನ್ಯಾಶ್‌ವಿಲ್‌ನ ಒಂದು ಧ್ವನಿಮುದ್ರಣದಲ್ಲಿ ಕೆಟ್ಟ ಮಿಕ್ಸರಿನಿಂದ ಇಂಥದೇ ಸದ್ದು ಆಕಸ್ಮಿಕವಾಗಿ ಬಂತು. ಅದನ್ನು ಬೇಕೆಂದಾಗ ತರಿಸುವ ‘ಮೇಸ್ಟ್ರೋ ಫಝ್ ಟೋನ್’ ಎಂಬ ಪೆಡಲು 1962ರಲ್ಲಿ ಮಾರುಕಟ್ಟೆಗೆ ಬಂತು. ಮೆಲ್ಲನೆಯ ಚರಣ, ಒಡೆದುಕೊಳ್ಳುವ ಪಲ್ಲವಿ ಎಂಬ ಕಟ್ಟು 1991ರಲ್ಲಿ ಒಂದು ಅಮೆರಿಕನ್ ತಂಡದಿಂದ ಲೋಕಕ್ಕೆಲ್ಲ ಹಬ್ಬಿತು. ತಂಡದ ಹೆಸರು ನಿರ್ವಾಣ. ಬುದ್ಧನ ಮಾತು ಅಷ್ಟು ದೂರ ಹೋಗಿ ಅಷ್ಟು ಜೋರಾಗಿ ಕೂಗಿದ್ದು ನಮಗೆ ಖುಷಿಯೇ.

ಪೆಡಲಿನೊಳಗೆ ಮಾಯವೇನಿಲ್ಲ. ತಂತಿಯ ಅದುರು ಪಿಕಪ್ಪಿನಲ್ಲಿ ಸಣ್ಣ ವಿದ್ಯುತ್ತಿನ ಅಲೆಯಾಗುತ್ತದೆ. ಪೆಡಲು ಅದನ್ನು ಹಿಗ್ಗಿಸಿ ಎರಡು ಡಯೋಡುಗಳ ನಡುವೆ ತಳ್ಳುತ್ತದೆ. ಸಿಲಿಕಾನ್ ಡಯೋಡು ಸುಮಾರು 0.6 ವೋಲ್ಟಿನಾಚೆ ಅಲೆಯನ್ನು ಏಳಗೊಡುವುದಿಲ್ಲ, ತಲೆ ಕತ್ತರಿಸುತ್ತದೆ. ತಲೆ ಕಡಿಸಿಕೊಂಡ ಅಲೆ ಸುಮ್ಮನಾಗುವುದಿಲ್ಲ, ತನ್ನಲ್ಲಿಲ್ಲದ ಹೊಸ ಸ್ವರಗಳನ್ನೆಲ್ಲ ಕೂಗುತ್ತದೆ. ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು ಇದನ್ನು ಹಲಗೆಯ ಮೇಲೆ ಎರಡು ಗೆರೆಯಲ್ಲಿ ತೋರಿಸಬಹುದು.

ಬೆಂಗಳೂರಿನ ಗೆಳೆಯನೊಬ್ಬ, “ಎರಡು ಚಾನೆಲ್ಲಿನ ಆಂಪ್ ತಗೊಳ್ರೋ, ಅದರ ಜೊತೆಗೇ ಒಂದು ಗುಂಡಿಯ ಸ್ವಿಚ್ ಬರುತ್ತೆ” ಅಂದ. ನಿಜ. ಆದರೆ ನಮಗೆ ಆಂಪೇ ಇಲ್ಲ. ಸೌಂಡ್ ಸಿಸ್ಟಮ್ಮಿನವರು ಆ ದಿನ ಏನು ತರುತ್ತಾರೋ ಅದಕ್ಕೆ ಸಿಕ್ಕಿಸುತ್ತೇವೆ. ಎಲ್ಲ ಸದ್ದನ್ನೂ ಒಂದರಲ್ಲೇ ತುಂಬಿಟ್ಟ ಪ್ರೊಸೆಸರುಗಳೂ ಇವೆ. ದುಡ್ಡಿದ್ದವರು ಕೊಳ್ಳಲಿ, ಕೆಲಸ ಸಲೀಸು. ಗಿಟಾರಿನ ವಾಲ್ಯೂಮ್ ತಿರುಪನ್ನೇ ಇಳಿಸಿ ಕದಡನ್ನು ತಿಳಿ ಮಾಡುವ ಹಳೇ ಕಸುಬೂ ಇದೆ, ಜಿಮಿ ಹೆಂಡ್ರಿಕ್ಸನ ಕೈಯಲ್ಲಿ ಅದು ನೀರು ಕುಡಿದಷ್ಟು ಸುಲಭ. ನಮ್ಮ ಪೆಡಲಿನಲ್ಲಿ ಅದು ತಿಳಿಯಾಗುವ ಬದಲು ಸೊರಗುತ್ತದೆ.

ದಾರಿ ತೋರಿಸಿದ್ದು ದೊಡ್ಡಪ್ಪ. ಆಯಸ್ಸೆಲ್ಲ ತಮಟೆ ಬಾರಿಸಿದವರು. ಪಡಸಾಲೆಯಲ್ಲಿ ನಾವು ಪೆಡಲು ತುಳಿದು ತುಳಿದು ಅಭ್ಯಾಸ ಮಾಡುವುದನ್ನು ಬೀಡಿ ಸೇದುತ್ತ ನೋಡಿ, “ಅಲ್ಲ ಕಣ್ರಲಾ, ಕೈಲಿ ಬಾರ್ಸೋ ವಾದ್ಯುಕ್ಕೆ ಕಾಲ್ಯಾಕ್ರಲಾ?” ಅಂದರು. ಕೈ ಎರಡೂ ತಂತಿಯ ಮೇಲಿರುತ್ತವೆ ಅಂದೆವು. (ಪಾದದಿಂದ ಹುಟ್ಟಿದವರು ಅಂತ ನಮ್ಮನ್ನು ಬರೆದಿಟ್ಟವರಿಗೆ ಪಾದಕ್ಕೆ ಇಷ್ಟು ಕೆಲಸವಿದೆ ಅಂತ ಗೊತ್ತಿರಲಿಲ್ಲ ಅನ್ನಿ.) ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಜಾತ್ರೇಲಿ ತಮಟೆ ತಣ್ಗಾದ್ರೆ ಬಾರ್ಸೋದ್ ನಿಲ್ಸಿ ಕಾಯ್ಸಕಾಯ್ತದಾ? ಎಲ್ಡ್ ಇಟ್ಕತಿದ್ವಿ. ಒಂದ ಬಾರ್ಸ್ವಾಗ ಇನ್ನೊಂದ್ ಬೆಂಕಿತಾವ ಕಾಯ್ತಿರದು. ಇದ ಮಡಗದು, ಅದ ಎತ್ಕಳದು, ಅಷ್ಟೆಯ.”

ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ದನಿ ಬದಲಾಗಬೇಕಾದ ಗಳಿಗೆಯಲ್ಲೇ ದನಿಯನ್ನು ತಯಾರಿಸಲು ಹೊರಟಿದ್ದೆವು ನಾವು. ಬೇಕಿದ್ದದ್ದು ಎರಡನ್ನೂ ಮೊದಲೇ ತಯಾರಿಟ್ಟು ದಾರಿಯನ್ನು ಮಾತ್ರ ತಿರುಗಿಸುವುದು.

ಅಂಥ ಪೆಟ್ಟಿಗೆ ಅಂಗಡಿಯಲ್ಲೂ ಸಿಗುತ್ತದೆ, ಲೈನ್ ಸೆಲೆಕ್ಟರ್, ಲೂಪ್ ಸ್ವಿಚರ್ ಅಂತ ಹೆಸರು. ನಾವು ಎಸ್.ಪಿ. ರೋಡಿಗೆ ಹೋಗಿ ಒಂಬತ್ತು ಕಾಲಿನ ಒಂದು ಕಾಲ್ಸ್ವಿಚ್ಚು (ತ್ರೀ ಪಿ.ಡಿ.ಟಿ. ಅಂತ ಕೇಳಿ), ಆರು ಜಾಕು, ಎರಡು ಎಲ್.ಇ.ಡಿ. ತಂದೆವು. ಪೆಟ್ಟಿಗೆಗೆ ಹಳೇ ಅಲ್ಯೂಮಿನಿಯಂ ತಿಂಡಿ ಡಬ್ಬಿ. ಲೋಹವೇ ಬೇಕು, ಪ್ಲಾಸ್ಟಿಕ್ಕಾದರೆ ಗುಂಯ್‌ಗುಡುತ್ತದೆ. ಸ್ವಿಚ್ಚಿನ ಒಂಬತ್ತು ಕಾಲುಗಳು ಮೂರು ಸಾಲು, ಸಾಲಿಗೆ ಮೂರು. ಪ್ರತಿ ಸಾಲಿನ ನಡುಗಾಲು ಒಮ್ಮೆ ಈ ಕಡೆಗೆ, ಒಮ್ಮೆ ಆ ಕಡೆಗೆ ಸೇರುತ್ತದೆ. ಮೊದಲ ಸಾಲಿನ ನಡುವಿಗೆ ಗಿಟಾರು, ಎರಡು ಬದಿಗೆ ಎರಡು ದಾರಿಗಳ ಹೊರಡುವ ಜಾಕು. ಎರಡನೇ ಸಾಲಿನ ನಡುವಿಗೆ ಆಂಪು, ಬದಿಗಳಿಗೆ ಎರಡು ದಾರಿಗಳ ಮರಳುವ ಜಾಕು. ಮೂರನೇ ಸಾಲು ದೀಪಕ್ಕೆ: ನಡುವಿಗೆ ರೆಸಿಸ್ಟರು ದಾಟಿ ಬಂದ 9 ವೋಲ್ಟ್ ಬ್ಯಾಟರಿ, ಬದಿಗಳಿಗೆ ಹಸಿರು ಮತ್ತು ಕೆಂಪು. ಜಾಕುಗಳ ನೆಲದ ತಂತಿಯೂ ದೀಪಗಳ ಇನ್ನೊಂದು ತುದಿಯೂ ಬ್ಯಾಟರಿಯ ಋಣ ತುದಿಯೂ ಡಬ್ಬಿಗೇ ಸೇರಬೇಕು. ಒಂದು ದಾರಿಯಲ್ಲಿ ಕೋರಸ್, ಇನ್ನೊಂದರಲ್ಲಿ ಡಿಸ್ಟಾರ್ಷನ್, ಅದರ ಹಿಂದೆ ಡಿಲೇ. ಮೂರೂ ಸದಾ ಹತ್ತಿಕೊಂಡೇ ಇರುತ್ತವೆ. ದೊಡ್ಡಪ್ಪನಿಗೆ ಹೇಳಿದಾಗ, “ಗದ್ದೆಗೆ ನೀರ್ ಕಟ್ದಂಗೆ” ಅಂದರು. ಹೌದು, ಆದರೆ ಇಲ್ಲಿ ನೀರು ಒಳಹೋಗುವ ಕಡೆಯೂ ಹೊರಬರುವ ಕಡೆಯೂ ಒಂದೇ ಗಳಿಗೆಗೆ ತಿರುಗಬೇಕು.

ಮೊದಲ ಸಲ ಬೆಸುಗೆ ಸುಟ್ಟುಕೊಂಡೆವು. ಎರಡನೆಯ ಸಲ ತುಳಿದಾಗಲೆಲ್ಲ ಸ್ಪೀಕರಿನಲ್ಲಿ ಟಪ್ಪೆಂದಿತು. ಹೊರಡುವ, ಮರಳುವ ಜಾಕುಗಳಿಂದ ನೆಲಕ್ಕೆ ಒಂದೊಂದು ಮೆಗಾಓಮ್ ರೆಸಿಸ್ಟರು ಹಾಕಿದ ಮೇಲೆ ಬಹಳ ಮಟ್ಟಿಗೆ ತಗ್ಗಿತು. ದನಿಗಳ ಎತ್ತರ ಹೊಂದಿಸುವುದಕ್ಕೆ ಎರಡು ದಿನ ಹಿಡಿಯಿತು. ಕದಡು ಯಾವಾಗಲೂ ಜೋರೇ ಅನಿಸುತ್ತದೆ, ಪೆಡಲಿನ ಲೆವೆಲ್ಲನ್ನು ತಿಳಿಗಿಂತ ಒಂದು ಕೂದಲೆಳೆಯಷ್ಟೇ ಮೇಲಿಡಬೇಕು. ಒಂದು ಕೊರತೆಯಿದೆ. ತಿಳಿಗೆ ಮರಳಿದ ಕೂಡಲೇ ಡಿಲೇಯ ಮಾರ್ದನಿ ಕತ್ತರಿಸಿ ಬೀಳುತ್ತದೆ. ಬೇಡದವರು ಡಿಲೇಯನ್ನು ಪೆಟ್ಟಿಗೆಯಾಚೆ ಇಟ್ಟುಕೊಳ್ಳಬಹುದು, ಆಗ ಅದು ತಿಳಿಯಲ್ಲೂ ಕೇಳುತ್ತದೆ. ನಮಗೆ ಆ ಕತ್ತರಿಕೆಯೇ ಬೇಕಾಯಿತು. ಬೊಬ್ಬೆ ಥಟ್ಟನೆ ನಿಂತು, ಆ ಖಾಲಿಯಲ್ಲಿ ಅವ್ವ ಕೈ ತೊಳೆಯುವುದು ಕೇಳುತ್ತದೆ.

ತುಳಿತ ಎಂಬ ಮಾತನ್ನು ನಮ್ಮ ಬರಹಗಳಲ್ಲಿ ಬಳಸಿ ಬಳಸಿ ಸವೆಸಿದ್ದೇವೆ. ಮೊನ್ನೆಯ ಕಾರ್ಯಕ್ರಮದಲ್ಲಿ ಅದು ಅಕ್ಷರಶಃ ಒಂದೇ ತುಳಿತ. ಚಪ್ಪಲಿಯಲ್ಲೇ, ನೆಲ ನೋಡದೆ. ನಡುವೆ ಬ್ಯಾಟರಿ ಸತ್ತು ದೀಪ ಆರಿತು, ದನಿಯ ದಾರಿಗೆ ಬ್ಯಾಟರಿ ಬೇಡವಾದ್ದರಿಂದ ಏನೂ ಆಗಲಿಲ್ಲ. ಮೊದಲ ಬಾರಿಗೆ ಕವಿತೆ ಹೇಳುತ್ತ ಜನರ ಮುಖ ನೋಡಿದೆವು. ಮೊದಲ ಎರಡು ಚರಣ ಎಲ್ಲರೂ ಕೇಳುತ್ತಿದ್ದರು. ಮೂರನೆಯ ಚರಣ ಬಂದಾಗ ಹಿಂದಿನವರು ಮಾತಿಗಿಳಿದರು, ಒಬ್ಬಾಕೆ ಮಗುವನ್ನೆತ್ತಿಕೊಂಡು ಎದ್ದು ಹೋದಳು, ಇಬ್ಬರು ಊಟದ ಪೆಂಡಾಲಿನ ಕಡೆ ನೋಡುತ್ತಿದ್ದರು. ಇದು ಎಷ್ಟು ಕಾರ್ಯಕ್ರಮಗಳಿಂದ ನಡೆದಿತ್ತೋ, ಕಾಲು ನೋಡುತ್ತಿದ್ದ ನಮಗೆ ಗೊತ್ತೇ ಆಗಿರಲಿಲ್ಲ.

ಮೂರನೆಯ ಚರಣವನ್ನು ಈಗ ತೆಗೆದಿದ್ದೇವೆ.