ಅರ್ಪಿತವೂ ಪ್ರಸಾದವೂ

ನಾಳೆಯನ್ನು ಇಂದೇ ಕಟ್ಟಿಕೊಳ್ಳುವ ಹಂಬಲ ಮನುಷ್ಯನಿಗೆ ಸಹಜವಾದುದು. ಮಗನ ಓದು, ಮಗಳ ಮದುವೆ, ಹೊಲಕ್ಕೊಂದು ಬಾವಿ, ಮುಪ್ಪಿಗೊಂದು ನೆಲೆ ಎಂದು ಒಂದೊಂದನ್ನೇ ಮನಸ್ಸಿನಲ್ಲಿ ಜೋಡಿಸಿಕೊಂಡು ಆತನು ಬಾಳುತ್ತಾನೆ. ಇದರಲ್ಲಿ ದೋಷವೇನೂ ಇಲ್ಲ. ಬಿತ್ತುವ ಮುನ್ನ ಬೆಳೆಯನ್ನು ನೆನೆಯದ ಒಕ್ಕಲಿಗನುಂಟೆ? ಆದರೆ ನೆನೆದಂತೆ ನಡೆಯದೆ ಹೋದಾಗ ನಮ್ಮ ಭಕ್ತಿಯ ಗತಿ ಏನು? ಸಹೃದಯ ವಾಚಕರೇ, ಈ ಪ್ರಶ್ನೆಯನ್ನು ತಮ್ಮ ಮುಂದಿಡುವಾಗ ನಾನು ಶಾಸ್ತ್ರ ಹೇಳಹೊರಟವನಲ್ಲ. ಬಾಳು ನನ್ನನ್ನು ಕೇಳಿದುದನ್ನೇ ತಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

ನಾನು ಕೃಷ್ಣಾ ತೀರದ ಒಂದು ಸಣ್ಣ ಗ್ರಾಮದವನು. ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಬಿದ್ದುದು ೧೯೬೪ರಲ್ಲಿ. ಆಗ ನಾನು ಶಾಲೆಯ ಹುಡುಗ. ‘ಮುಳುಗಡೆ’ ಎಂಬ ಮಾತನ್ನು ಕೇಳುತ್ತಲೇ ಬೆಳೆದೆ, ಶಿಕ್ಷಕನಾದೆ, ಸಂಸಾರವಂದಿಗನಾದೆ. ನೀರು ಇಂದು ಬಂದೀತು, ನಾಳೆ ಬಂದೀತು ಎನ್ನುತ್ತಲೇ ಮೂರು ದಶಕಗಳು ಸಂದವು. ಸೋರುವ ಮಾಳಿಗೆಗೆ ಮಣ್ಣು ಹಾಕಿಸಲೂ ಊರವರು ಹಿಂದುಮುಂದು ನೋಡುತ್ತಿದ್ದರು. ಆದರೂ ನಾನು ನನ್ನದೊಂದು ಲೆಕ್ಕ ಹಾಕಿಕೊಂಡಿದ್ದೆ. ನಿವೃತ್ತಿಯಾದ ಮೇಲೆ ಹಿರಿಯರ ಮನೆಯ ಪಡಸಾಲೆಯಲ್ಲಿ ಕುಳಿತು ಊರ ಮಕ್ಕಳಿಗೆ ಓದು ಹೇಳಿಕೊಡಬೇಕು; ಹೊಳೆದಂಡೆಯ ನಾಲ್ಕೆಕರೆ ಎರೆಹೊಲವನ್ನು ನೋಡಿಕೊಳ್ಳಬೇಕು; ಕಾಲ ತೀರಿದಾಗ ತಂದೆಯವರ ಮಗ್ಗುಲಲ್ಲಿಯೇ ಮಣ್ಣಾಗಬೇಕು. ಇಷ್ಟೇ ನನ್ನ ಬಯಕೆಯಾಗಿತ್ತು.

ಹೊಸ ಶತಮಾನದ ಹೊಸ್ತಿಲಲ್ಲಿ ನೀರು ಬಂದಿತು. ಮನೆ ಹೋಯಿತು, ಹೊಲ ಹೋಯಿತು, ತಂದೆಯವರ ಸಮಾಧಿಯ ಮೇಲೆಯೂ ನೀರು ನಿಂತಿತು. ಊರು ಬಿಡುವ ದಿನ ಗುಡಿಯ ಬಸವಣ್ಣನ ಮೂರ್ತಿಯನ್ನು ಹೇಗೆ ಸಾಗಿಸಬೇಕೆಂದು ಹಿರಿಯರು ಚಿಂತಿಸುತ್ತಿದ್ದಾಗ ನನ್ನ ತಾಯಿ ಕೊರಳ ಕರಡಿಗೆಯನ್ನು ಮುಟ್ಟಿಕೊಂಡು, “ನನ್ನ ಶಿವಾ ನನ್ನ ಎದಿ ಮ್ಯಾಲ ಅದಾನ, ನಡೀರಿ” ಎಂದಳು. ಹಾಗೆಂದವಳೇ ಪುನರ್ವಸತಿ ಕೇಂದ್ರದ ಎರಡು ಕೋಣೆಗಳ ಮನೆಯಲ್ಲಿ ಸಂಜೆಯಾಯಿತೆಂದರೆ “ಹೊಳಿ ಯಾವ ದಿಕ್ಕಿಗೈತಿ?” ಎಂದು ಕೇಳುತ್ತಿದ್ದಳು. ನಾಲ್ಕು ವರ್ಷ ಕೇಳಿ, ಒಂದು ದಿನ ಕೇಳುವುದನ್ನು ನಿಲ್ಲಿಸಿ ಲಿಂಗೈಕ್ಯಳಾದಳು. ಅವಳಿಗೆ ನಂಬಿಕೆಯೂ ಇತ್ತು, ದುಃಖವೂ ಇತ್ತು. ಒಂದು ಮತ್ತೊಂದನ್ನು ಸುಳ್ಳಾಗಿಸಲಿಲ್ಲ.

ಸಮಾಧಾನ ಹೇಳಲು ಬಂದವರು, ದೇವರು ಮಾಡುವುದೆಲ್ಲ ಒಳ್ಳೆಯದಕ್ಕೇ ಎನ್ನುತ್ತಿದ್ದರು. ಅವರ ಮನಸ್ಸು ಒಳ್ಳೆಯದು. ಮಾತು ಮಾತ್ರ ನನ್ನೊಳಗೆ ಇಳಿಯಲಿಲ್ಲ. ನನ್ನ ತಾಯಿಯ ಆ ಪ್ರಶ್ನೆಯಲ್ಲಿ ಒಳ್ಳೆಯದನ್ನು ಎಲ್ಲಿ ಹುಡುಕಲಿ? ಪೂಜೆಗೆ ಕುಳಿತಾಗಲೆಲ್ಲ ಮನಸ್ಸು ‘ಏಕೆ’ ಎಂಬ ಒಂದೇ ಮಾತನ್ನು ಜಪಿಸುತ್ತಿತ್ತು. ಆ ‘ಏಕೆ’ಗೆ ಉತ್ತರ ಈವರೆಗೂ ದೊರೆತಿಲ್ಲ. ದೊರೆತುದು ಬೇರೊಂದು.

ನಮ್ಮ ಷಟ್ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಲಿಂಗಕ್ಕೆ ಅರ್ಪಿಸುವ ಮುನ್ನ ಅದು ಪದಾರ್ಥ. ಅರ್ಪಿಸಿ ಸ್ವೀಕರಿಸಿದಾಗ ಅದೇ ಪ್ರಸಾದ. ನಿತ್ಯವೂ ಅನ್ನವನ್ನು ಹೀಗೆ ಅರ್ಪಿಸುವ ನಾವು ನಮ್ಮ ಬಯಕೆಗಳನ್ನು ಅರ್ಪಿಸುತ್ತೇವೆಯೆ? ಅರ್ಪಿಸಿದರೂ ‘ಇದ್ದುದು ಇದ್ದಂತೆಯೇ ಮರಳಿ ಬರಲಿ’ ಎಂಬ ಕರಾರಿನ ಮೇಲೆ ತಾನೆ? ಕರಾರಿನ ಮೇಲೆ ಕೊಟ್ಟುದು ವ್ಯಾಪಾರವಾದೀತು, ಅರ್ಪಿತವಾಗದು. ಮರಳಿ ಬರುವುದು ಯಾವ ರೂಪದಲ್ಲಿ, ಯಾವಾಗ, ಯಾರ ಕೈಗೆ ಎಂಬುದನ್ನು ಗೊತ್ತುಮಾಡುವ ಅಧಿಕಾರ ಅರ್ಪಿಸಿದವನದಲ್ಲ. ದೇವರನ್ನು ನಂಬುವುದೆಂದರೆ ಆ ಅಧಿಕಾರವನ್ನು ಬಿಟ್ಟುಕೊಡುವುದೇ ಎಂದು ನನಗೆ ತೋರಿತು.

‘ಯಾರ ಕೈಗೆ’ ಎಂಬ ಮಾತಿನ ಅರ್ಥ ಹೊಳೆದುದು ಕೂಡಲಸಂಗಮದಲ್ಲಿ. ಅಲ್ಲಿಗೂ ನಾರಾಯಣಪುರದ ಬಸವಸಾಗರದ ಹಿನ್ನೀರು ಬಂದಿದೆ. ಬಸವಣ್ಣನವರ ಐಕ್ಯಸ್ಥಳವು ಮುಳುಗದಂತೆ ಸುತ್ತಲೂ ಬಾವಿಯ ಹಾಗೆ ಎತ್ತರದ ಗೋಡೆ ಕಟ್ಟಿದ್ದಾರೆ. ಮೆಟ್ಟಿಲಿಳಿದು ದರ್ಶನ ಪಡೆಯಬೇಕು. ಅಲ್ಲಿ ನಿಂತು ನಾನು ಆ ಮಹಾನುಭಾವರ ಬಾಳನ್ನು ನೆನೆದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅವರು ಕಟ್ಟಿದ ಸಮಾಜ ಕ್ಷೋಭೆಗೆ ಸಿಲುಕಿತು. ಶರಣರು ದಿಕ್ಕುದಿಕ್ಕಿಗೆ ಚದುರಿದರು. ಅಂದು ಲೆಕ್ಕ ಹಾಕಿದವರಿಗೆ ಅದು ಸೋಲಾಗಿಯೇ ಕಂಡಿರಬೇಕು. ಆದರೆ ವಚನಗಳು ತಾಳೆಗರಿಯ ಕಟ್ಟುಗಳಲ್ಲಿ ಉಳಿದವು. ಶತಮಾನಗಳ ಮೇಲೆ ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಅವುಗಳನ್ನು ಮನೆಮನೆ ತಿರುಗಿ ಹುಡುಕಿ, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು, ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೇ ಮಾರಿದರೆಂದು ಹಿರಿಯರು ಹೇಳುತ್ತಾರೆ. ಕಲ್ಯಾಣವನ್ನು ತೊರೆದು ನಡೆದ ಶರಣನಿಗೆ ಇದಾವುದೂ ತಿಳಿದಿರಲಿಲ್ಲ. ಆತನು ಕಟ್ಟನ್ನು ಕೈಬಿಡದೆ ನಡೆದನು, ಅಷ್ಟೆ. ಆ ಪ್ರಸಾದ ದೊರೆತುದು ನಮಗೆ.

ಇದೇ ದೃಷ್ಟಿಯಿಂದ ನಮ್ಮ ಕೃಷ್ಣೆಯನ್ನೂ ನೋಡಲು ಯತ್ನಿಸಿದೆ. ನಮ್ಮ ಹೊಲದ ಮೇಲೆ ನಿಂತ ನೀರೇ ನಾರಾಯಣಪುರಕ್ಕಿಳಿದು, ಕಾಲುವೆಗಳಲ್ಲಿ ಹರಿದು, ಸುರಪುರ ಶಹಾಪುರಗಳ ಸೀಮೆಯಲ್ಲಿ ಬತ್ತ ಬೆಳೆಯುತ್ತದೆ. ಒಮ್ಮೆ ಬಂಧುಗಳ ಮನೆಯ ಕಾರ್ಯಕ್ಕೆಂದು ಹೋದಾಗ ಆ ಹಸಿರನ್ನು ಕಣ್ಣಾರೆ ಕಂಡೆ. ಇದರಿಂದ ನನ್ನ ತಾಯಿಯ ದುಃಖ ಹಗುರವಾಯಿತೆಂದು ಹೇಳಲಾರೆ. ಒಬ್ಬರ ಬೆಳೆಯನ್ನು ತಕ್ಕಡಿಯ ಒಂದು ಕಡೆಗಿಟ್ಟು, ಮತ್ತೊಬ್ಬರ ಕಣ್ಣೀರನ್ನು ಇನ್ನೊಂದು ಕಡೆಗಿಟ್ಟು ತೂಗಲು ನಾನಾರು? ಆದರೆ ಆ ಗದ್ದೆಯ ಬದುವಿನಲ್ಲಿ ನಿಂತಾಗ ಹೊಟ್ಟೆಯುರಿ ಬರಲಿಲ್ಲ. ಅದನ್ನೇ ಶಿವನ ಕೃಪೆಯೆಂದು ಬಗೆದಿದ್ದೇನೆ.

ಇಲ್ಲೊಂದು ಎಚ್ಚರದ ಮಾತನ್ನು ಹೇಳದಿರಲಾರೆ. ನಂಬಿಕೆಯೆಂದರೆ ಕೈಕಟ್ಟಿ ಕುಳಿತುಕೊಳ್ಳುವುದಲ್ಲ. ಸಲ್ಲಬೇಕಾದ ಪರಿಹಾರಕ್ಕಾಗಿ ನಾವು ಅರ್ಜಿ ಬರೆದೆವು, ಅಲೆದೆವು; ಓದುಬಾರದವರಿಗೆ ನಾನೇ ಬರೆದುಕೊಟ್ಟೆ. ನ್ಯಾಯವನ್ನು ಕೇಳುವುದೂ ಕಾಯಕವೇ. ಶಿವನ ಇಚ್ಛೆಯೆಂದು ಹೇಳಿ ನೊಂದವನ ಬಾಯಿ ಮುಚ್ಚಿಸುವುದು ಧರ್ಮವಲ್ಲ. ಕಾಯಕ ನಮ್ಮದು, ಅದರ ಫಲವನ್ನು ಹಿಡಿತದಲ್ಲಿಟ್ಟುಕೊಳ್ಳಬೇಕೆಂಬ ಹಟ ಮಾತ್ರ ನಮ್ಮದಾಗಬಾರದು.

ಈಗ ನನಗೆ ಎಪ್ಪತ್ತು ದಾಟಿದೆ. ಹಳೆಯ ಪಡಸಾಲೆಯಿಲ್ಲ, ತಗಡಿನ ನೆರಳಿನಲ್ಲಿ ಸಂಜೆ ಹತ್ತಾರು ಮಕ್ಕಳು ಬಂದು ಕುಳಿತುಕೊಳ್ಳುತ್ತಾರೆ. ಬೇರೆ ಬೇರೆ ಊರುಗಳಿಂದ ಎದ್ದುಬಂದ ಮನೆಗಳ ಮಕ್ಕಳವು. ನಾನು ಎಣಿಸಿದ್ದ ಊರೂ ಅಲ್ಲ, ಎಣಿಸಿದ್ದ ಮಕ್ಕಳೂ ಅಲ್ಲ. ತಂದೆಯವರ ಮಗ್ಗುಲಲ್ಲಿ ಮಣ್ಣಾಗುವ ಬಯಕೆಯಂತೂ ಈಡೇರುವಂತಿಲ್ಲ. ಅದನ್ನೂ ಒಂದು ಸೋಮವಾರದ ಪೂಜೆಯಲ್ಲಿ ಅರ್ಪಿಸಿಬಿಟ್ಟೆ. ಅಂದು ಕಣ್ಣು ತೇವವಾಯಿತು. ಆ ರಾತ್ರಿ ನಿದ್ರೆಯೂ ಬಂದಿತು.

ವಾಚಕರೇ, ತಮ್ಮ ಬಾಳಿನಲ್ಲಿಯೂ ಕೈಗೂಡದ ಬಯಕೆಯೊಂದು ಇದ್ದೀತು. ಅದು ಸಣ್ಣದೆಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಒಳ್ಳೆಯದಕ್ಕೇ ಆಯಿತೆಂದು ತಮಗೆ ತಾವೇ ಬಲವಂತದಿಂದ ಹೇಳಿಕೊಳ್ಳಲೂ ಬೇಡಿರಿ. ಇಂದಿನ ಪೂಜೆಯಲ್ಲಿ ಅಂಗೈಯ ಲಿಂಗವನ್ನು ದಿಟ್ಟಿಸುವಾಗ ಆ ಬಯಕೆಯನ್ನು, ಅದರ ನೋವಿನ ಸಹಿತವಾಗಿ, ಕರಾರಿಲ್ಲದೆ ಅಲ್ಲಿಡಿರಿ. ಬಳಿಕ ಎದ್ದು ಅಂದಿನ ಕಾಯಕಕ್ಕೆ ನಡೆಯಿರಿ. ಪ್ರಸಾದವನ್ನು ಕೊಡುವ ಹೊಣೆ ಕೊಡುವಾತನದು.